4ಕೆ ಎಂಬ ಚೀಟಿಯ ಹಿಂದೆ ಎಷ್ಟು ಬಿಟ್ ಇದೆ?

ಮಾನ್ಯ ಸಂಪಾದಕರೇ,

ಹೊಸ ಟಿವಿ, ಹೊಸ ಆ್ಯಪ್, ಹೊಸ ಸೆಟ್‌ಟಾಪ್ ಬಾಕ್ಸ್ ಬಂದಾಗಲೆಲ್ಲ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ: ಡಿಶ್‌ನಲ್ಲಿ ಬರುವುದು ಬರೀ ಎಚ್‌ಡಿ, ಇಂಟರ್ನೆಟ್‌ನಲ್ಲಿ ಬರುವುದು 4ಕೆ, ಆದ್ದರಿಂದ ಚಿತ್ರ ಚೆನ್ನಾಗಿರಬೇಕೆಂದರೆ ಇಂಟರ್ನೆಟ್ಟಿಗೆ ಬದಲಾಯಿಸಿಕೊಳ್ಳಿ. ಹಾಗೆ ಬದಲಾಯಿಸಿಕೊಂಡವರು ಸ್ವಲ್ಪ ದಿನದಲ್ಲೇ ಕೇಳುವ ಪ್ರಶ್ನೆಯೂ ಒಂದೇ: ‘ಸಿನಿಮಾ ಚೆನ್ನಾಗಿ ಕಾಣುತ್ತೆ, ಸರಿ. ಅದೇ ಟಿವಿಯಲ್ಲಿ ಲೈವ್ ಮ್ಯಾಚ್ ಯಾಕೆ ಹಳೇ ಡಿಶ್‌ಗಿಂತ ಕಳಪೆ?’ ಪ್ರಶ್ನೆ ಸರಿಯಾಗಿಯೇ ಇದೆ. ಪಿಕ್ಸೆಲ್ (ಚಿತ್ರ ಕಟ್ಟುವ ಚುಕ್ಕಿ) ಎಣಿಸಿ ಚಿತ್ರದ ಗುಣ ಹೇಳಲು ಹೊರಟ ತೀರ್ಪೇ ತಪ್ಪು.

ಪಿಕ್ಸೆಲ್ ಸಂಖ್ಯೆ ಪಾತ್ರೆಯ ಗಾತ್ರ ಮಾತ್ರ, ಅದಕ್ಕೆ ಸುರಿದದ್ದೆಷ್ಟು ಎನ್ನುವುದು ಬೇರೆ ಲೆಕ್ಕ. ಎಚ್‌ಡಿ ಚಿತ್ರವನ್ನು ಕುಗ್ಗಿಸದೆ ಇದ್ದದ್ದು ಇದ್ದ ಹಾಗೆ ಕಳಿಸಬೇಕೆಂದರೆ 1920 × 1080 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಪಿಕ್ಸೆಲ್‌ಗೆ ಸರಾಸರಿ 12 ಬಿಟ್, ಒಟ್ಟು ಸುಮಾರು 622 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್; ಒಂದು ಮೆಗಾಬಿಟ್ ಅಂದರೆ ಹತ್ತು ಲಕ್ಷ ಬಿಟ್) ಬೇಕು. ಮನೆಗೆ ತಲುಪುವುದು ಸಾಮಾನ್ಯವಾಗಿ 5ರಿಂದ 8. ನೂರು ಪಾಲಿನಲ್ಲಿ ಬರುವುದು ಒಂದೇ ಪಾಲು. ಉಳಿದದ್ದನ್ನು ಟಿವಿಯೊಳಗಿನ ಚಿಪ್ ಹಿಂದು ಮುಂದಿನ ಫ್ರೇಮ್‌ಗಳ ಆಧಾರದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತದೆ. ಆ ಒಂದು ಪಾಲು ಸಾಕಾಯಿತೇ, ಸಾಲದೇ ಹೋಯಿತೇ ಎನ್ನುವುದರ ಮೇಲೆ ಚಿತ್ರದ ಹಣೆಬರಹ ನಿಂತಿದೆ.

ಈಗ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನೋಡಿ. 1080ಐ (ಡಿಶ್‌ನ ಸಾಮಾನ್ಯ ಎಚ್‌ಡಿ) ಪ್ರಸಾರಕ್ಕೆ 8 ಎಂಬಿಪಿಎಸ್ ಕೊಟ್ಟರೆ ಒಂದು ಪಿಕ್ಸೆಲ್‌ನ ಪಾಲಿಗೆ 0.15 ಬಿಟ್ ಬರುತ್ತದೆ. ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್ ಇರುವ, ಸೆಕೆಂಡಿಗೆ 50 ಫ್ರೇಮಿನ 4ಕೆ ಲೈವ್‌ಗೆ 15 ಎಂಬಿಪಿಎಸ್ ಕೊಟ್ಟರೆ ಬರುವುದು 0.036. ನಾಲ್ಕನೇ ಒಂದು ಪಾಲೂ ಇಲ್ಲ. ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಪೋಣ. ಪಿಕ್ಸೆಲ್ ಚಿಕ್ಕದಾದಷ್ಟೂ ಅಕ್ಕಪಕ್ಕದವು ಒಂದೇ ಬಣ್ಣದಲ್ಲಿರುವುದರಿಂದ ತಲಾ ಬೇಕಾಗುವ ಬಿಟ್ ಇಳಿಯುತ್ತದೆ. ಜೊತೆಗೆ 4ಕೆಗೆ ಬಳಸುವ ಎಚ್‌ಇವಿಸಿ ಕೋಡೆಕ್ (ಚಿತ್ರವನ್ನು ಕುಗ್ಗಿಸಿ ಬಿಡಿಸುವ ವಿಧಾನ), ಎಚ್‌ಡಿ ಪ್ರಸಾರದಲ್ಲಿ ಸಾಮಾನ್ಯವಾಗಿರುವ ಎಚ್.264ರ ಸುಮಾರು ಅರ್ಧ ಬಿಟ್‌ನಲ್ಲೇ ಅದೇ ಕೆಲಸ ಮಾಡುತ್ತದೆ. ಇಷ್ಟೆಲ್ಲ ರಿಯಾಯಿತಿ ಕೊಟ್ಟ ಮೇಲೂ ಆಟದ ಮೈದಾನದಂಥ ಚಿತ್ರಕ್ಕೆ 15 ಬಿಗಿಯೇ. ಮೂಗಿಗಿಂತ ಮೂಗುತಿ ಭಾರ.

ಅದೇ 15 ಎಂಬಿಪಿಎಸ್ ಸಿನಿಮಾಕ್ಕೆ ಧಾರಾಳ, ಕಾರಣ ಎರಡು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಮಾತ್ರ. ಮೇಲಾಗಿ ಅದನ್ನು ಎನ್‌ಕೋಡ್ ಮಾಡುವಾಗ, ಅಂದರೆ ಕುಗ್ಗಿಸುವಾಗ, ಅವಸರವಿಲ್ಲ. ಒಂದು ಸಲ ಓಡಿಸಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂದು ಗುರುತು ಹಾಕಿಕೊಂಡು, ಎರಡನೇ ಸಲ ಕಷ್ಟದ ದೃಶ್ಯಕ್ಕೆ ಹೆಚ್ಚು ಬಿಟ್, ಬರೀ ಗೋಡೆಯ ಮುಂದೆ ನಿಂತು ಮಾತಾಡುವ ದೃಶ್ಯಕ್ಕೆ ಕಡಿಮೆ ಬಿಟ್ ಹಂಚಬಹುದು. ನೆಟ್‌ಫ್ಲಿಕ್ಸ್ 2015ರ ಡಿಸೆಂಬರಿನಲ್ಲಿ ಪ್ರಕಟಿಸಿದ ವಿಧಾನದಲ್ಲಂತೂ ಒಂದೊಂದು ಸಿನಿಮಾಕ್ಕೂ ಅದರದೇ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್) ಪಟ್ಟಿ. ಲೈವ್‌ನಲ್ಲಿ ಈ ಸೌಕರ್ಯ ಎಲ್ಲಿಂದ ಬರಬೇಕು? ಮುಂದಿನ ಸೆಕೆಂಡಿನಲ್ಲಿ ಚೆಂಡು ಎತ್ತ ಹೋಗುತ್ತದೆಂದು ಎನ್‌ಕೋಡರ್‌ಗೆ ಗೊತ್ತಿಲ್ಲ, ಕಾದು ನೋಡಲು ಸಮಯವೂ ಇಲ್ಲ. ಆದ್ದರಿಂದ ‘ಇಂಟರ್ನೆಟ್ ಟಿವಿ’ ಎಂದು ಎರಡನ್ನೂ ಒಂದೇ ಗಂಟಿಗೆ ಕಟ್ಟುವುದೇ ಮೊದಲ ತಪ್ಪು. ಮುಂಚಿತವಾಗಿ ತಯಾರಾಗಿ ಸರ್ವರ್‌ನಲ್ಲಿ ಕುಳಿತ ಸಿನಿಮಾ, ಧಾರಾವಾಹಿ ಒಂದು ಜಾತಿ, ಈ ಕ್ಷಣ ನಡೆಯುತ್ತಿರುವುದು ಇನ್ನೊಂದು ಜಾತಿ. ಮೊದಲನೆಯದರಲ್ಲಿ ಇಂಟರ್ನೆಟ್ ಪ್ರಸಾರವನ್ನು ಹಿಂದೆ ಹಾಕಿ ವರ್ಷಗಳಾದವು. 10 ಬಿಟ್ ಬಣ್ಣ (ಹೆಚ್ಚು ಛಾಯೆಗಳು), ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚಿನ ವ್ಯಾಪ್ತಿ) ಎಲ್ಲವೂ ಮನೆಮನೆಗೆ ಬಂದದ್ದು ಹೆಚ್ಚಾಗಿ ಆ ದಾರಿಯಲ್ಲೇ. ಎರಡನೆಯದರಲ್ಲಿ ಹಾಗೆಂದು ಆಣೆ ಮಾಡಿ ಹೇಳುವಂತಿಲ್ಲ.

ಪ್ರಸಾರದ ಕಡೆಯ ಹುಳುಕನ್ನೂ ಹೇಳಬೇಕು. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್ (ಚಾನೆಲ್‌ಗಳ ಒಂದು ಗುಂಪನ್ನು ಹೊತ್ತು ಭೂಮಿಗೆ ಕಳಿಸುವ ಉಪಕರಣ), ಹಳೆಯ ಡಿವಿಬಿ-ಎಸ್ ವಿಧಾನದಲ್ಲಿ, ಸೆಕೆಂಡಿಗೆ 27.5 ಮೆಗಾಸಿಂಬಲ್ (ಎರಡೂಮುಕ್ಕಾಲು ಕೋಟಿ ಸಂಕೇತ) ಮತ್ತು 3/4 ದೋಷತಿದ್ದುವಿಕೆ (ನಾಲ್ಕು ಬಿಟ್‌ನಲ್ಲಿ ಒಂದು ತಪ್ಪು ತಿದ್ದಲು ಮೀಸಲು) ಇಟ್ಟರೆ 38 ಎಂಬಿಪಿಎಸ್ ಹೊರುತ್ತದೆ. ಅದೇ ಜಾಗದಲ್ಲಿ ಹೊಸ ವಿಧಾನವಾದ ಡಿವಿಬಿ-ಎಸ್2, ಅದರಲ್ಲಿ ಒಂದೊಂದು ಸಂಕೇತಕ್ಕೆ ಮೂರು ಬಿಟ್ ತುಂಬುವ 8ಪಿಎಸ್‌ಕೆ ಹಾಕಿದರೆ ಸುಮಾರು 60. ಈ 60ರಲ್ಲಿ ಎಂಟು ಎಚ್‌ಡಿ ಚಾನೆಲ್ ಇಟ್ಟರೆ ತಲಾ 7.5. ಹದಿನೈದು ತುರುಕಿದರೆ ತಲಾ 4. ಚೀಟಿ ಎರಡರ ಮೇಲೂ ಎಚ್‌ಡಿ ಎಂದೇ. ಆಪರೇಟರುಗಳು ಇಲ್ಲಿ ಒಂದು ಜಾಣತನ ಮಾಡುತ್ತಾರೆ. ಎಲ್ಲ ಚಾನೆಲ್‌ಗೂ ಸಮಪಾಲು ಕೊಡದೆ, ಸ್ಟುಡಿಯೋದಲ್ಲಿ ಕೂತು ಸುದ್ದಿ ಓದುವ ಚಾನೆಲ್‌ನಿಂದ ಬಿಟ್ ಕಿತ್ತು ಆ ಕ್ಷಣಕ್ಕೆ ಓಟ ನಡೆಯುತ್ತಿರುವ ಕ್ರೀಡಾ ಚಾನೆಲ್‌ಗೆ ಕೊಡುತ್ತಾರೆ. ಇದು ಸ್ಟ್ಯಾಟಿಸ್ಟಿಕಲ್ ಮಲ್ಟಿಪ್ಲೆಕ್ಸಿಂಗ್, ಕಸುಬಿನವರ ಬಾಯಲ್ಲಿ ‘ಸ್ಟ್ಯಾಟ್‌ಮಕ್ಸ್’. ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿ ಎರಡು ಪಂದ್ಯ ಒಟ್ಟಿಗೆ ಬಿದ್ದ ಸಂಜೆ ಇಬ್ಬರಿಗೂ ಸಾಲದು. ಅದೇ ಚಾನೆಲ್, ಅದೇ ಡಿಶ್, ಅದೇ ಟಿವಿ, ಆದರೂ ಮೊನ್ನೆ ಚೆನ್ನಾಗಿದ್ದದ್ದು ಇವತ್ತು ಯಾಕೆ ಹೀಗೆ ಎಂಬ ಗೊಂದಲಕ್ಕೆ ಎಷ್ಟೋ ಸಲ ಇದೇ ಉತ್ತರ.

ಪ್ರಸಾರಕ್ಕೆ ಇನ್ನೊಂದು ಹೊರೆ, ಹಳೆಯ ಬಾಕ್ಸುಗಳದು. ಕೋಡೆಕ್ ಬದಲಿಸಬೇಕೆಂದರೆ ಮನೆಗಳಲ್ಲಿರುವ ಬಾಕ್ಸುಗಳನ್ನೆಲ್ಲ ಬದಲಿಸಬೇಕು. 1990ರ ದಶಕದ ಎಂಪೆಗ್-2 ಕೋಡೆಕ್ ಇನ್ನೂ ಕೆಲವು ಕಡೆ ಉಸಿರಾಡುತ್ತಿರುವುದು ಇದರಿಂದಲೇ. ಎಚ್.264 ಬಂದದ್ದು 2003ರಲ್ಲಿ, ಎಚ್‌ಇವಿಸಿ 2013ರಲ್ಲಿ, ಎವಿ1 2018ರಲ್ಲಿ. ಆ್ಯಪ್ ನಡೆಸುವವರಿಗೆ ಈ ತಾಪತ್ರಯ ಕಡಿಮೆ. ಟಿವಿ ಯಾವುದನ್ನು ಬಿಡಿಸಿಕೊಳ್ಳಬಲ್ಲದೋ ಕೇಳಿ, ಅದಕ್ಕೆ ತಕ್ಕ ಪ್ರತಿಯನ್ನೇ ಕಳಿಸುತ್ತಾರೆ.

ಇಂಟರ್ನೆಟ್‌ನ ಬುದ್ಧಿ ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ಒಂದೇ ಕಾರ್ಯಕ್ರಮದ ಐದಾರು ಪ್ರತಿ ಸರ್ವರ್‌ನಲ್ಲಿರುತ್ತವೆ, ಕೆಳಗಿನದು ಅರ್ಧ ಎಂಬಿಪಿಎಸ್ಸಿನದು, ಮೇಲಿನದು 6ರದೋ 15ರದೋ. ಪ್ರತಿಯೊಂದನ್ನೂ 2ರಿಂದ 6 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿಟ್ಟಿರುತ್ತಾರೆ. 2009ರಲ್ಲಿ ಆ್ಯಪಲ್ ತಂದ ಎಚ್‌ಎಲ್‌ಎಸ್, 2012ರಲ್ಲಿ ಮಾನಕವಾದ ಡ್ಯಾಶ್, ಈ ಎರಡೂ ಸ್ಟ್ರೀಮಿಂಗ್ ವಿಧಾನಗಳ ಹೂರಣ ಇದೇ. ಆ್ಯಪ್ ಒಂದೊಂದೇ ತುಂಡು ತರಿಸಿಕೊಳ್ಳುತ್ತಾ, ತುಂಡು ಬೇಗ ಬಂದರೆ ಮುಂದಿನದಕ್ಕೆ ಒಂದು ಮೆಟ್ಟಿಲು ಹತ್ತುತ್ತದೆ, ತಡವಾದರೆ ಇಳಿಯುತ್ತದೆ. ಚಾನೆಲ್ ಹಾಕಿದ ತಕ್ಷಣ ಚಿತ್ರ ಮಂಜುಮಂಜಾಗಿದ್ದು ಹತ್ತಿಪ್ಪತ್ತು ಸೆಕೆಂಡಿನಲ್ಲಿ ತಿಳಿಯಾಗುವುದು ಈ ಮೆಟ್ಟಿಲು ಹತ್ತುವಾಟ. ಗುಣಮಟ್ಟ ಅಳೆಯುವವರು ಕನಿಷ್ಠ ಒಂದು ನಿಮಿಷ ಬಿಟ್ಟು ನೋಡಬೇಕು. ಲೈವ್ ತಡವಾಗಿ ಬರುವುದೂ ಇಲ್ಲಿಂದಲೇ. 6 ಸೆಕೆಂಡಿನ ಮೂರು ತುಂಡು ಕೈಯಲ್ಲಿಟ್ಟುಕೊಂಡೇ ಚಿತ್ರ ಶುರು ಮಾಡುವ ಆ್ಯಪ್, ಅಲ್ಲೇ 18 ಸೆಕೆಂಡು ಹಿಂದೆ ಬಿತ್ತು.

ಹೀಗಾಗಿ ಎರಡೂ ಕೆಡುವ ರೀತಿ ಬೇರೆ ಬೇರೆ. ಕೆಟ್ಟ ಚಿತ್ರ ನೋಡಿದರೆ ಸಾಕು, ರೋಗ ಎಲ್ಲಿದೆ ಎಂದು ಹೇಳಬಹುದು. ಡಿಶ್ ಚಿತ್ರ ಒಡೆಯುತ್ತದೆ. ಚೌಕ ಚೌಕವಾಗಿ ಚೂರಾಗಿ, ದನಿ ಕೀರ್ ಎಂದು ಕತ್ತರಿಸಿ, ಮುಂದಿನ ಪೂರ್ಣ ಫ್ರೇಮ್ (ಬೇರೆ ಫ್ರೇಮನ್ನು ಆಧರಿಸದ ಇಡೀ ಚಿತ್ರ) ಬಂದಾಗ ಸರಿಹೋಗುತ್ತದೆ. ಕಳೆದುಹೋದ ಬಿಟ್ ಮತ್ತೆ ಕೇಳಿ ಪಡೆಯುವ ದಾರಿ ಅಲ್ಲಿಲ್ಲ. ಆ್ಯಪ್ ಚಿತ್ರ ಒಡೆಯುವುದಿಲ್ಲ, ಮಸುಕಾಗುತ್ತದೆ, ಅದಕ್ಕೂ ಆಗದಿದ್ದರೆ ನಿಂತು ಚಕ್ರ ತಿರುಗಿಸುತ್ತದೆ. ಕಳೆದ ಪ್ಯಾಕೆಟ್ (ಜಾಲದಲ್ಲಿ ಸಾಗುವ ಬಿಟ್‌ಗಳ ಪುಟ್ಟ ಕಟ್ಟು) ಮತ್ತೆ ಕೇಳಿ ತರಿಸಿಕೊಳ್ಳುವುದರಿಂದ ಅಲ್ಲಿ ಚೂರಿಗೆ ಅವಕಾಶವಿಲ್ಲ. ಇಂಟರ್ನೆಟ್ ಕಂಪನಿಯೇ ತನ್ನ ಜಾಲದೊಳಗೆ ಬಾಕ್ಸ್ ಮೂಲಕ ಕೊಡುವ ಐಪಿಟಿವಿ ಮಾತ್ರ ಇವೆರಡರ ನಡುವಿನದು. ಅಲ್ಲಿ ಒಂದೇ ಹರಿವು ಎಲ್ಲರಿಗೂ ಮಲ್ಟಿಕಾಸ್ಟ್ ಆಗಿ ಹೋಗುತ್ತದೆ, ಪ್ಯಾಕೆಟ್ ಕಳೆದರೆ ಡಿಶ್‌ನಂತೆಯೇ ಚೌಕ ಬೀಳುತ್ತವೆ. ಆ ಬಾಕ್ಸನ್ನು ವೈಫೈಗೆ ಹಾಕಲೇಬಾರದು. ವೈಫೈ ಮಲ್ಟಿಕಾಸ್ಟ್ ಪ್ಯಾಕೆಟ್ಟನ್ನು ಅತಿ ಕಡಿಮೆ ವೇಗದಲ್ಲಿ, ‘ತಲುಪಿತೇ’ ಎಂದು ಕೇಳದೆ ಎಸೆಯುತ್ತದೆ. ತಂತಿ ಎಳೆದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಒಡೆಯದೆಯೂ ಮಸುಕಾಗದೆಯೂ ಬಿಟ್ ಸಾಲದ ಚಿತ್ರ ಹೇಗಿರುತ್ತದೆ? ಮೈದಾನದ ಹುಲ್ಲು ನೋಡಿ. ಕ್ಯಾಮೆರಾ ನಿಂತಾಗ ಎಳೆ ಎಳೆ ಕಾಣುತ್ತದೆ. ಚೆಂಡಿನ ಹಿಂದೆ ಓಡಿದ ಕೂಡಲೇ ಇಡೀ ಹುಲ್ಲು ಹಸಿರು ಬಣ್ಣ ಬಳಿದ ಗೋಡೆಯಾಗುತ್ತದೆ, ಕ್ಯಾಮೆರಾ ನಿಂತ ಅರ್ಧ ಸೆಕೆಂಡಿಗೆ ಎಳೆಗಳು ಮತ್ತೆ ಮೊಳೆಯುತ್ತವೆ. ಇನ್ನೊಂದು, ಅಲ್ಲಾಡದ ದೃಶ್ಯವೂ ಎರಡೆರಡು ಸೆಕೆಂಡಿಗೆ ಒಮ್ಮೆ ಉಸಿರಾಡಿದಂತೆ ಒಂದಿಷ್ಟು ಮಸುಕಾಗಿ ಚುರುಕಾಗುವುದು. ಪ್ರತಿ ತುಂಡಿನ ಆರಂಭದಲ್ಲಿ ಬರುವ ಪೂರ್ಣ ಫ್ರೇಮಿಗೆ ಬಿಟ್ ಸಾಲದಿದ್ದಾಗ ಹೀಗಾಗುತ್ತದೆ. ಕತ್ತಲ ದೃಶ್ಯದಲ್ಲಿ ಗೋಡೆಯ ಮೇಲೆ ನಕ್ಷೆಯ ಗೆರೆಗಳಂತೆ ಪಟ್ಟೆ ಬೀಳುವುದು ಮೂರನೆಯ ಗುರುತು. ಇದರಲ್ಲಿ 8 ಬಿಟ್ ಬಣ್ಣದ ಪಾಲೂ ಇದೆ.

ಈಗ ಎಲ್ಲರೂ ಕಣ್ಣು ತಪ್ಪಿಸುವ ವಿಷಯ, ಚಲನೆ. ಹೆಚ್ಚಿನ ಎಚ್‌ಡಿ ಪ್ರಸಾರ 1080ಐ. ‘ಐ’ ಅಂದರೆ ಇಂಟರ್‌ಲೇಸ್ಡ್. ಸೆಕೆಂಡಿಗೆ 25 ಫ್ರೇಮ್ ಎಂದು ಹೇಳಿದರೂ ಒಂದೊಂದು ಫ್ರೇಮಿನಲ್ಲಿ ಎರಡು ಕ್ಷಣಗಳಿರುತ್ತವೆ, ಬೆಸ ಸಂಖ್ಯೆಯ 540 ಗೆರೆ ಒಂದು ಕ್ಷಣದ್ದು, ಸಮ ಸಂಖ್ಯೆಯ 540 ಗೆರೆ ಅದಾದ ಐವತ್ತನೇ ಒಂದು ಸೆಕೆಂಡಿನದು. ಟಿವಿ ಇವುಗಳಿಂದ ಸೆಕೆಂಡಿಗೆ 50 ಚಿತ್ರ ಕಟ್ಟುತ್ತದೆ. ಆದ್ದರಿಂದ ಓಟ ನುಣುಪಾಗಿ ಕಾಣುತ್ತದೆ. ಎಷ್ಟೋ ಚಾನೆಲ್‌ಗಳ ಇಂಟರ್ನೆಟ್ ಹರಿವು ಮೂಲ ಸ್ಟುಡಿಯೋದಿಂದ ಬಂದದ್ದಲ್ಲ. ಪ್ರಸಾರಕ್ಕೆಂದು ಒಮ್ಮೆ ಕುಗ್ಗಿಸಿದ್ದನ್ನೇ ಬಿಡಿಸಿ, ಮತ್ತೆ ಎನ್‌ಕೋಡ್ ಮಾಡಿ ಆ್ಯಪ್‌ಗೆ ಹಾಕುತ್ತಾರೆ. ಮೊದಲ ಸಲದ ಕಲೆಗಳನ್ನು ಎರಡನೆಯ ಎನ್‌ಕೋಡರ್ ಚಿತ್ರದ ಭಾಗವೆಂದೇ ತಿಳಿದು ಅವಕ್ಕೂ ಬಿಟ್ ಖರ್ಚು ಮಾಡುತ್ತದೆ. ಇದಕ್ಕಿಂತ ದೊಡ್ಡ ಪೆಟ್ಟು, ಬಿಟ್ ಉಳಿಸಲು ಎರಡು ಕ್ಷಣಗಳಲ್ಲಿ ಒಂದನ್ನು ಬಿಸಾಡಿ 25 ಫ್ರೇಮಿನ 1080ಪಿ (‘ಪಿ’ ಅಂದರೆ ಪ್ರೊಗ್ರೆಸಿವ್, ಇಡೀ ಫ್ರೇಮ್ ಒಂದೇ ಕ್ಷಣದ್ದು) ಮಾಡುವುದು. ಚೀಟಿಯಲ್ಲಿ ‘ಪಿ’ ಬಂತು, ಓದಿದವರಿಗೆ ‘ಐ’ಗಿಂತ ಮೇಲೆನಿಸಿತು. ನಿಜದಲ್ಲಿ ಚಲನೆಯ ಅರ್ಧ ಹೋಯಿತು.

ಇದನ್ನು ಪತ್ತೆ ಮಾಡಲು ಯಂತ್ರ ಬೇಡ. ಸುದ್ದಿ ಚಾನೆಲ್‌ನ ತಳದಲ್ಲಿ ಓಡುವ ಅಕ್ಷರಪಟ್ಟಿ ಸಾಕು. ಮೊದಲು ಟಿವಿಯ ಮೋಷನ್ ಸ್ಮೂದಿಂಗ್ (ನಡುನಡುವೆ ತಾನೇ ಫ್ರೇಮ್ ಸೇರಿಸುವ ಆಯ್ಕೆ) ಆಫ್ ಮಾಡಿ. ಬಲದಿಂದ ಎಡಕ್ಕೆ ಹೋಗುವ ಒಂದೇ ಪದವನ್ನು ಕಣ್ಣಲ್ಲಿ ಹಿಡಿದು ಹಿಂಬಾಲಿಸಿ. ಹರಿವಿನಲ್ಲಿ 50 ಕ್ಷಣ ಇದ್ದರೆ ಅಕ್ಷರ ಜಾರಿಕೊಂಡು ಹೋಗುತ್ತದೆ, ಓದಬಹುದು. 25 ಇದ್ದರೆ ಪ್ರತಿ ಅಕ್ಷರಕ್ಕೂ ಜೋಡಿ ಅಂಚು ಕಂಡು, ಪದ ಕುಂಟಿಕೊಂಡು ಹೋಗುತ್ತದೆ. ಇನ್ನು ಪದ ನುಣುಪಾಗಿ ಹೋಗುತ್ತಾ ನಡುನಡುವೆ ಎಡವಿದಂತೆ ಕಂಡರೆ ದೋಷ ಚಾನೆಲ್‌ನದಲ್ಲ, ಮನೆಯ ಸ್ಟ್ರೀಮಿಂಗ್ ಸ್ಟಿಕ್‌ನದು (ಆ್ಯಪ್ ನಡೆಸಲು ಟಿವಿಗೆ ಸಿಕ್ಕಿಸುವ ಸಾಧನ). ಅದು 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಚಿತ್ರ) ಟಿವಿಗೆ ಕೊಡುತ್ತಿದೆ, ಒಳಗೆ ಬರುತ್ತಿರುವುದು 50. ಕಡಿಮೆ ಬಿದ್ದ ಹತ್ತನ್ನು ತುಂಬಲು ಸೆಕೆಂಡಿಗೆ ಹತ್ತು ಫ್ರೇಮನ್ನು ಎರಡೆರಡು ಸಲ ತೋರಿಸುತ್ತದೆ. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಎಂಬರ್ಥದ ಆಯ್ಕೆ ಇದ್ದರೆ ಆನ್ ಮಾಡಿ. ಅದನ್ನು ಆ್ಯಪ್ ಪಾಲಿಸದಿದ್ದರೆ ಲೈವ್ ನೋಡುವಾಗ ಔಟ್‌ಪುಟ್ಟನ್ನು ಕೈಯಾರೆ 50 ಹರ್ಟ್ಸ್‌ಗೆ ಇಡಿ. ಪ್ರಸಾರವೇ 60 ಹರ್ಟ್ಸ್ ಇರುವ ದೇಶಗಳಲ್ಲಿ ಈ ರಗಳೆ ಇಲ್ಲ.

ಡಿಶ್ ಮತ್ತು ಆ್ಯಪ್ ಹೋಲಿಸುವವರು ಮಾಡುವ ದೊಡ್ಡ ಎಡವಟ್ಟು ಟಿವಿಯ ಒಳಗಿದೆ. ಹೆಚ್ಚಿನ ಟಿವಿಗಳು ಪಿಕ್ಚರ್ ಸೆಟ್ಟಿಂಗನ್ನು ಒಂದೊಂದು ಇನ್‌ಪುಟ್‌ಗೆ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತವೆ. ಸೆಟ್‌ಟಾಪ್ ಬಾಕ್ಸ್ ಹಾಕಿದ ಎಚ್‌ಡಿಎಂಐ 1 ‘ವಿವಿಡ್’ನಲ್ಲಿ, ಒಳಗಿನ ಆ್ಯಪ್ ‘ಸಿನಿಮಾ’ದಲ್ಲಿ ಇರಬಹುದು. ಆಗ ಹೋಲಿಸಿದ್ದು ಎರಡು ಸೆಟ್ಟಿಂಗನ್ನು, ಎರಡು ಸೇವೆಯನ್ನಲ್ಲ. ಎರಡೂ ಕಡೆ ಒಂದೇ ಮೋಡ್ ಇಡಿ. ಶಾರ್ಪ್‌ನೆಸ್ ತಳಕ್ಕೆ ಇಳಿಸಿ, ಏಕೆಂದರೆ ಅದು ಅಂಚುಗಳ ಜೊತೆ ಕುಗ್ಗಿಸಿದ ಕಲೆಯನ್ನೂ ಎತ್ತಿ ತೋರಿಸುತ್ತದೆ. ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಪಿಕ್ಚರ್ ಸೈಜ್‌ನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಆರಿಸಿ. ಇಲ್ಲದಿದ್ದರೆ ಟಿವಿ ಡಿಶ್ ಚಿತ್ರದ ಅಂಚನ್ನು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುತ್ತದೆ, ಒಂದು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಹೊಂದದೆ ಇಡೀ ಚಿತ್ರ ಮಂಕಾಗುತ್ತದೆ. ಬಾಕ್ಸ್‌ನಲ್ಲಿ ಕಪ್ಪು ಬಣ್ಣ ಮಸಿಯಂತೆ ಗಟ್ಟಿಯಾಗಿ ನೆರಳಿನ ವಿವರವೆಲ್ಲ ಮುಳುಗಿದ್ದರೆ ಎಚ್‌ಡಿಎಂಐ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ಅಂಕಿಗಳ ವ್ಯಾಪ್ತಿ) ನೋಡಿ. ಬಾಕ್ಸ್ 16ರಿಂದ 235ರ ಲೆಕ್ಕದಲ್ಲಿ ಕಳಿಸುತ್ತಾ ಟಿವಿ 0ಯಿಂದ 255 ಎಂದುಕೊಂಡರೆ ಕಪ್ಪು ಬೂದಿಯಾಗುತ್ತದೆ, ಉಲ್ಟಾ ಆದರೆ ಮಸಿ.

ಬಾಕ್ಸ್‌ನ ಔಟ್‌ಪುಟ್ಟನ್ನೂ ಒಮ್ಮೆ ತೆರೆದು ನೋಡಿ. ಎಚ್‌ಡಿ ಚಾನೆಲ್‌ಗೆ ದುಡ್ಡು ಕಟ್ಟಿ, ಬಾಕ್ಸ್ ಎಚ್‌ಡಿಗಿಂತ ಕೆಳಗಿನ 576 ಗೆರೆಯಲ್ಲೇ ಕೂತಿರುವುದು, ಇನ್ನೂ ಕೆಟ್ಟದ್ದೆಂದರೆ ಹಳದಿ-ಕೆಂಪು-ಬಿಳಿ ಎವಿ ತಂತಿಯಲ್ಲೇ ಓಡುತ್ತಿರುವುದು ಅಪರೂಪವಲ್ಲ. ಆ ಹಳದಿ ತಂತಿಯಲ್ಲಿ ಎಚ್‌ಡಿ ಹೋಗುವುದೇ ಇಲ್ಲ. ಇದಾದ ಮೇಲೆ ‘ಡಿಶ್ ಚಿತ್ರ ಚೆನ್ನಾಗಿಲ್ಲ’ ಎಂದರೆ ಏನು ಹೇಳುವುದು?

ಡಿಶ್ ವಿಚಾರಕ್ಕೆ ಬಂದರೆ, ಸಿಗ್ನಲ್ ಕಡಿಮೆಯಾದರೆ ಚಿತ್ರ ಮಂಕಾಗುತ್ತದೆ ಎಂಬ ನಂಬಿಕೆ ಅನಲಾಗ್ ಕಾಲದ್ದು. ಡಿಜಿಟಲ್‌ನಲ್ಲಿ ಮಿತಿ ದಾಟುವವರೆಗೂ ಚಿತ್ರ ಒಂದಿಷ್ಟೂ ಕೆಡುವುದಿಲ್ಲ, ದಾಟಿದ ಕೂಡಲೇ ಚೂರು. 8ಪಿಎಸ್‌ಕೆ 3/4ಕ್ಕೆ ಆ ಮಿತಿ ಸುಮಾರು 8 ಡಿಬಿ (ಡೆಸಿಬೆಲ್, ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬ ಅಳತೆ). ತಿಳಿ ಆಕಾಶದಲ್ಲಿ 12 ಬರುತ್ತಿದ್ದರೆ ಮಳೆಗೆಂದು 4 ಡಿಬಿ ಕೈಯಲ್ಲಿದೆ. 60 ಸೆಂಟಿಮೀಟರ್ ಡಿಶ್ ಒಂದೇ ಒಂದು ಡಿಗ್ರಿ ಓರೆಯಾದರೆ ಹೆಚ್ಚುಕಡಿಮೆ ಒಂದೂವರೆ ಡಿಬಿ ಅಲ್ಲೇ ಖರ್ಚು. ಬಿಸಿಲಿದ್ದಾಗ ಏನೂ ಗೊತ್ತಾಗುವುದಿಲ್ಲ, ಮೋಡ ಕಟ್ಟಿದೊಡನೆ ಪಕ್ಕದ ಮನೆಯಲ್ಲಿ ಬರುತ್ತಿರುವುದು ಇಲ್ಲಿ ನಿಂತುಹೋಗುತ್ತದೆ. ಡಿಶ್ ಟಿವಿ ಬರುವ ಕೆಯು ಬ್ಯಾಂಡ್ 10.7ರಿಂದ 12.75 ಗಿಗಾಹರ್ಟ್ಸ್‌ನದು, ಜೋರು ಮಳೆ ಅದನ್ನು ಹೀರದೆ ಬಿಡದು. ಆದರೆ ತುಂತುರಿಗೇ ಹೋಗುತ್ತಿದ್ದರೆ ಮಳೆಯನ್ನು ದೂರಬೇಡಿ, ಡಿಶ್ ಬಿಗಿ ಮಾಡಿಸಿ.

ಬಾಕ್ಸ್‌ನ ಮೆನುವಿನಲ್ಲಿ ಎರಡು ಪಟ್ಟಿ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ತುಂಬಿದ್ದು ಕ್ವಾಲಿಟಿ ಬಿದ್ದಿದ್ದರೆ ಡಿಶ್ ಪಕ್ಕದ ಉಪಗ್ರಹದತ್ತ ಓರೆಯಾಗಿದೆ, ಇಲ್ಲವೇ ಎಲ್‌ಎನ್‌ಬಿ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ತಲೆ) ತನ್ನ ಹಿಡಿಕೆಯಲ್ಲಿ ತಿರುಗಿಕೊಂಡಿದೆ. ಎರಡೂ ಬಿದ್ದಿದ್ದರೆ ಕೇಬಲ್ ಹಿಡಿದು ಹೋಗಿ. ಆರ್‌ಜಿ-6 ಕೇಬಲ್ 30 ಮೀಟರಿಗೆ, ಮೇಲಿನ ಆವರ್ತನದಲ್ಲಿ, 9-10 ಡಿಬಿ ತಿನ್ನುತ್ತದೆ, ನಡುವೆ ಹಾಕಿದ ಸ್ಪ್ಲಿಟರ್ ಇನ್ನೂ 4. ಅರ್ಧ ಚಾನೆಲ್ ಬಂದು ಅರ್ಧ ಬರದಿದ್ದರೆ ವೋಲ್ಟೇಜ್ ನೋಡಿ. ಎಲ್‌ಎನ್‌ಬಿಗೆ ಒಂದು ಧ್ರುವೀಕರಣಕ್ಕೆ (ಅಲೆ ಕಂಪಿಸುವ ದಿಕ್ಕಿಗೆ) 13, ಇನ್ನೊಂದಕ್ಕೆ 18 ವೋಲ್ಟ್ ಹೋಗಬೇಕು. ಕೇಬಲ್ ತುದಿಯ ತುಕ್ಕು ಹಿಡಿದ ಎಫ್ ಕನೆಕ್ಟರ್‌ನಲ್ಲಿ 18 ಇಳಿದು ಹೋದರೆ ಆ ಅರ್ಧ ಮಾಯ. ಕನೆಕ್ಟರ್‌ಗೆ ನೀರು ಇಳಿಯದಂತೆ, ಕೇಬಲ್ಲನ್ನು ಅದಕ್ಕಿಂತ ಒಂದು ಗೇಣು ಕೆಳಗೆ ಜೋತುಬಿಟ್ಟು ಮತ್ತೆ ಮೇಲೆ ತಂದು ಸಿಕ್ಕಿಸಬೇಕು. ಆಗ ನೀರು ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಪುಕ್ಕಟೆ ಕೆಲಸ, ಆದರೂ ಮಾಡುವವರು ಕಡಿಮೆ.

ಇಂಟರ್ನೆಟ್ ಪಕ್ಕದಲ್ಲಿ ಕೇಬಲ್‌ನ ಜಾಗಕ್ಕೆ ವೈಫೈ. ‘100 ಎಂಬಿಪಿಎಸ್ ಪ್ಲಾನ್ ಇದೆ, ಆದರೂ ಮಸುಕು’ ಎನ್ನುವವರು ಸ್ಪೀಡ್ ಟೆಸ್ಟ್ ಮಾಡಿರುವುದು ರೂಟರ್ ಪಕ್ಕ ನಿಂತು, ಮೊಬೈಲಿನಲ್ಲಿ. ಟಿವಿ ಇರುವುದು ಎರಡು ಗೋಡೆಯಾಚೆ, ಅದರ ಆ್ಯಂಟೆನಾ ಟಿವಿಯದೇ ಲೋಹದ ಬೆನ್ನಿನ ಹಿಂದೆ. ಮೇಲಾಗಿ ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರ್‌ಗೆ ಹಲವು ಸಂಪರ್ಕ ಒಟ್ಟಿಗೆ ತೆರೆದು ಅಳೆಯುತ್ತದೆ, ಆ್ಯಪ್‌ನ ಸರ್ವರ್ ಸಂಜೆಯ ನೂಕುನುಗ್ಗಲಿನಲ್ಲಿ ಹೇಗಿದೆ ಎಂದು ಅದು ಹೇಳದು. 2.4 ಗಿಗಾಹರ್ಟ್ಸ್‌ನಲ್ಲಿದ್ದರೆ 5ಕ್ಕೆ ಬದಲಾಯಿಸಿ. 2.4ರಲ್ಲೇ ಇರಬೇಕಾದರೆ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11 ಮೂರೇ, ಖಾಲಿ ಇರುವುದನ್ನು ಆರಿಸಿ. ಎಲ್ಲಕ್ಕಿಂತ ಒಳ್ಳೆಯದು ಕ್ಯಾಟ್5ಇ ನೆಟ್‌ವರ್ಕ್ ತಂತಿ. ಅನೇಕ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್ಸಿನದು ಎಂದು ಮೂಗು ಮುರಿಯುವವರಿದ್ದಾರೆ. 4ಕೆಗೇ ನೆಟ್‌ಫ್ಲಿಕ್ಸ್ ಕೇಳುವುದು 15. ನೂರು ಸಾಕು.

ತಂತಿ, ವೇಗ ಎಲ್ಲ ಸರಿಯಿದ್ದೂ ಚಿತ್ರ 480ಕ್ಕಿಂತ ಮೇಲೇರದಿದ್ದರೆ ಬೀಗದ ಕಡೆ ನೋಡಿ. ಕಳ್ಳಪ್ರತಿ ತಡೆಯುವ ವೈಡ್‌ವೈನ್ ವ್ಯವಸ್ಥೆಯಲ್ಲಿ ಎಲ್1 ಎಂಬ ಮೇಲಿನ ದರ್ಜೆ ಇಲ್ಲದ ಅಗ್ಗದ ಬಾಕ್ಸ್‌ಗೆ ಎಷ್ಟೋ ಸೇವೆಗಳು ಎಚ್‌ಡಿ ಕೊಡುವುದೇ ಇಲ್ಲ. ಕಂಪ್ಯೂಟರಿನ ಕೆಲವು ಬ್ರೌಸರ್‌ಗಳಲ್ಲೂ ಹೀಗೇ. 4ಕೆಗೆ ಎಚ್‌ಡಿಸಿಪಿ 2.2 (ಎಚ್‌ಡಿಎಂಐ ತಂತಿಯಲ್ಲಿ ನಕಲು ತಡೆಯುವ ಬೀಗ) ಬೇಕು. ಟಿವಿಗೂ ಸ್ಟಿಕ್‌ಗೂ ನಡುವೆ ಹಳೆಯ ಸೌಂಡ್‌ಬಾರ್ ಕೂತಿದ್ದರೆ ಅದೊಂದೇ ಸಾಕು, 1080ಕ್ಕೆ ಇಳಿಸಲು. ಸೌಂಡ್‌ಬಾರನ್ನು ಟಿವಿಯ ಎಆರ್‌ಸಿ ಪೋರ್ಟ್‌ಗೆ (ಟಿವಿಯ ದನಿಯನ್ನು ಹೊರಗೆ ಕಳಿಸುವ ಎಚ್‌ಡಿಎಂಐ) ಸರಿಸಿ, ಸ್ಟಿಕ್ಕನ್ನು ನೇರ ಟಿವಿಗೆ ಹಾಕಿ.

ಎಷ್ಟು ದೂರ ಕೂತು ನೋಡುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಸಾಮಾನ್ಯ ದೃಷ್ಟಿಗೆ ಎಚ್‌ಡಿಯ ಪಿಕ್ಸೆಲ್ ಬಿಡಿಯಾಗಿ ಕಾಣುವುದು ಪರದೆಯ ಎತ್ತರದ ಸುಮಾರು 3.2 ಪಟ್ಟು ದೂರದ ಒಳಗೆ. 55 ಇಂಚಿನ ಟಿವಿಗೆ ಅದು 2.2 ಮೀಟರ್, 43 ಇಂಚಿಗೆ 1.7. ಮೂರು ಮೀಟರ್ ಆಚೆ ಸೋಫಾ ಇಟ್ಟು 4ಕೆ, ಎಚ್‌ಡಿ ಎಂದು ಜಗಳವಾಡಿ ಪ್ರಯೋಜನವಿಲ್ಲ. ಹುಲ್ಲು ಗೋಡೆಯಾಗುವುದು, ಅಕ್ಷರಪಟ್ಟಿ ಕುಂಟುವುದು ಮಾತ್ರ ಅಷ್ಟು ದೂರಕ್ಕೂ ಕಾಣುತ್ತದೆ.

ಚೀಟಿ ಬದಲಾಗದೆ ಒಳಗಿನ ಸರಕು ಬದಲಾಗಬಹುದು ಎನ್ನುವುದಕ್ಕೆ 2020ರ ಮಾರ್ಚ್ ಸಾಕ್ಷಿ. ಯುರೋಪಿನಲ್ಲಿ ಜನ ಮನೆಯೊಳಗೆ ಉಳಿದು ಜಾಲದ ಮೇಲೆ ಭಾರ ಬಿದ್ದಾಗ, ಯುರೋಪಿಯನ್ ಕಮಿಷನ್ ಕೇಳಿದ ಮೇಲೆ ನೆಟ್‌ಫ್ಲಿಕ್ಸ್ ಅಲ್ಲಿನ ತನ್ನ ದಟ್ಟಣೆಯನ್ನು 30 ದಿನಗಳ ಮಟ್ಟಿಗೆ ಶೇ 25ರಷ್ಟು ಇಳಿಸುವುದಾಗಿ ಹೇಳಿತು. 4ಕೆ ಪ್ಲಾನಿನವರಿಗೆ 4ಕೆ ಇದ್ದೇ ಇತ್ತು. ಕಿತ್ತದ್ದು ಆ ದರ್ಜೆಯೊಳಗಿನ ಅತಿ ಹೆಚ್ಚು ಬಿಟ್‌ರೇಟಿನ ಪ್ರತಿಗಳನ್ನು. ಆ ಸಂದರ್ಭದಲ್ಲಿ ಮಾಡಿದ್ದು ಸರಿಯೇ, ಹೇಳಿಯೂ ಮಾಡಿದರು. ಹೇಳದೆ ಮಾಡಿದರೂ ಪರದೆಯ ಮೂಲೆಯ ಚೀಟಿಯಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟ್ರಾನ್ಸ್‌ಪಾಂಡರ್‌ಗೆ ಇನ್ನೆರಡು ಚಾನೆಲ್ ತುರುಕುವ ಆಪರೇಟರಂತೂ ಹೇಳುವ ಗೋಜಿಗೇ ಹೋಗುವುದಿಲ್ಲ.

ಆದ್ದರಿಂದ ನಮ್ಮ ಕೋರಿಕೆ: ನಿಮ್ಮ ಪತ್ರಿಕೆ ಇನ್ನು ಮುಂದೆ ಟಿವಿ ಸೇವೆಗಳ ಪರಿಚಯ ಬರೆಯುವಾಗ ಎಚ್‌ಡಿ, 4ಕೆ ಎಂದಷ್ಟೇ ಬರೆಯದೆ ಕೋಡೆಕ್, ಸೆಕೆಂಡಿಗೆ ಎಷ್ಟು ಫ್ರೇಮ್, ಅಳೆದ ಬಿಟ್‌ರೇಟ್, ಲೈವ್ ಎಷ್ಟು ಸೆಕೆಂಡು ತಡ ಎಂಬುದನ್ನು ಒಂದು ಸಾಲಿನಲ್ಲಿ ಕೊಡಲಿ. ಕಂಪನಿ ಕೊಡುವ ಪತ್ರಿಕಾ ಪ್ರಕಟಣೆಯಲ್ಲಿ ಇವು ಇರುವುದಿಲ್ಲ. ಅಳೆಯುವುದು ಕಷ್ಟವೂ ಅಲ್ಲ. ಯೂಟ್ಯೂಬ್‌ನಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಒತ್ತಿದರೆ ಕೋಡೆಕ್, ರೆಸಲ್ಯೂಷನ್, ಬಿಟ್ಟುಹೋದ ಫ್ರೇಮ್ ಎಲ್ಲ ಅಲ್ಲೇ ಬರುತ್ತವೆ. ಬೇರೆ ಆ್ಯಪ್‌ಗಳಿಗೆ ರೂಟರ್ ಸಾಕು. ಲೈವ್ ಚಾನೆಲ್ ಹಾಕಿ ಎರಡು ನಿಮಿಷ ಬಿಟ್ಟು, ರೂಟರ್‌ನ ಟ್ರಾಫಿಕ್ ಪುಟದಲ್ಲಿ ಟಿವಿಯ ಎದುರಿನ ಅಂಕಿ ಬರೆದುಕೊಳ್ಳಿ, ಸರಿಯಾಗಿ ಹತ್ತು ನಿಮಿಷದ ನಂತರ ಮತ್ತೆ ಬರೆದುಕೊಳ್ಳಿ. ವ್ಯತ್ಯಾಸದ ಮೆಗಾಬೈಟನ್ನು 8ರಿಂದ ಗುಣಿಸಿ 600ರಿಂದ ಭಾಗಿಸಿದರೆ ಎಂಬಿಪಿಎಸ್. 375 ಮೆಗಾಬೈಟ್ ಬಂದಿದ್ದರೆ ಬಿಟ್‌ರೇಟ್ 5. ಡಿಶ್‌ಗೆ ಇನ್ನೂ ಸುಲಭ. ಯುಎಸ್‌ಬಿ ಡ್ರೈವ್‌ಗೆ ರೆಕಾರ್ಡ್ ಮಾಡುವ ಬಾಕ್ಸುಗಳು ಸಾಮಾನ್ಯವಾಗಿ ಬಂದ ಹರಿವನ್ನು ಬಂದಂತೆಯೇ ಬರೆದಿಡುತ್ತವೆ. ಒಂದು ಗಂಟೆಯ ಫೈಲ್ 3.6 ಗಿಗಾಬೈಟ್ ಇದ್ದರೆ 8 ಎಂಬಿಪಿಎಸ್, 1.8 ಇದ್ದರೆ 4. ಒಂದೇ ಪಂದ್ಯವನ್ನು ಒಂದೇ ಹೊತ್ತಿನಲ್ಲಿ ಎರಡೂ ಕಡೆ ಅಳೆಯಬೇಕು. ಬೇರೆ ಬೇರೆ ದಿನ ಅಳೆದ ಅಂಕಿ ಹೋಲಿಕೆಗೆ ಬಾರದು.

ಇಂತಿ,
ಪ್ರಸಾರ ಮತ್ತು ಸ್ಟ್ರೀಮಿಂಗ್ ಕೆಲಸದಲ್ಲಿರುವ ಕೆಲವು ತಂತ್ರಜ್ಞರು